ಕೆಟ್ಟ ಎಣ್ಣೆ ಕೇಳಿ ಬಂದ ಬಾಯಿಯವರು

ಬಾಯಿಯವರು ತೀರಿಕೊಂಡ ಸುದ್ದಿಯನ್ನು ನನಗೆ ತಲುಪಿಸಿದವನು ಹುಕ್ಕೇರಿ ಬಸ್ಸಿನ ಕಂಡಕ್ಟರ್. ಮೂಡಲಗಿಯಲ್ಲಿ ನನ್ನ ಎಣ್ಣೆ ಮಿಲ್ಲಿನ ಮುಂದೆ ಬಸ್ಸು ನಿಧಾನ ಮಾಡಿಸಿ, ಬಾಗಿಲಿಗೆ ಜೋತುಬಿದ್ದುಕೊಂಡೇ, “ಸಾವಕಾರ್ರ, ಐಸ್ ಡಬ್ಬಿ ಬಾಯಾರು ಹೋದ್ರಂತ್ರಿ, ಮೊನ್ನೆ ಮಂಗಳವಾರ” ಎಂದು ಕೂಗಿದ. ಬಸ್ಸು ಮುಂದೆ ಹೋಯಿತು. ಆ ಕಂಡಕ್ಟರಿಗೆ ಅವರ ಗುರುತು ಹಾಗೇ. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇದ್ದರೆ ಬಾಯಿಯವರು ಅದರ ಮೇಲೆ ಐಸ್ ಡಬ್ಬಿ ಇಟ್ಟು ತಾವು ನಿಂತುಕೊಳ್ಳುತ್ತಿದ್ದರು. “ಟಿಕೀಟ ಯಾರ್ದ್ರಿ, ನಿಮ್ದೋ ಡಬ್ಬೀದೋ?” ಎಂದು ಅವನು ಕೇಳಿದರೆ, “ಡಬ್ಬೀದು. ನಾನು ಅದರ ಆಳು” ಎನ್ನುತ್ತಿದ್ದರು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಿಯವರು ಎನ್ನುವುದು ರೂಢಿ. ಇವರು ಹುಕ್ಕೇರಿಯ ಜೈನರ ಮನೆಯವರು. ಬೆಳಗಾವಿಯ ಒಂದು ಕಾಲೇಜಿನಲ್ಲಿ ಡಾಕ್ಟರಾಗುವ ಹುಡುಗರಿಗೆ ರಕ್ತ, ಮೂತ್ರಗಳೊಳಗಿನ ರಸಾಯನದ ಪಾಠ ಹೇಳುತ್ತಿದ್ದರು. ಹೆಸರು ನಾನು ಬರೆಯುವುದಿಲ್ಲ. ತಮ್ಮ ನೋಟುಬುಕ್ಕಿನಲ್ಲಿ ಅವರೂ ಯಾವ ರೋಗಿಯ ಹೆಸರನ್ನೂ ಬರೆಯುತ್ತಿರಲಿಲ್ಲ, ನಂಬರು ಮಾತ್ರ. “ಬ್ಯಾನಿ ಅವರ ಮನಿದು, ಊರ ಮಂದಿದಲ್ಲ” ಎನ್ನುತ್ತಿದ್ದರು. ಅದೇ ಮರ್ಯಾದೆ ಅವರಿಗೂ ಸಲ್ಲಲಿ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಅಪ್ಪ ಸತ್ತಾಗ ನನಗೆ ಹನ್ನೊಂದು ವರ್ಷ. ಗಂಡನನ್ನು ಕಳೆದುಕೊಂಡು ಆಗಲೇ ತವರಿಗೆ ಬಂದಿದ್ದ ಅಕ್ಕ ಹೊಲಕ್ಕೆ ಹೋದಳು, ನಾನು ಗಾಣಕ್ಕೆ ಹೋದೆ. ಮಂದಿಯ ಗಾಣದಲ್ಲಿ ಹದಿನೆಂಟು ವರ್ಷ ದುಡಿದು ಸ್ವಂತ ಮಿಲ್ಲು ಹಾಕಿದೆ. ಕುಸುಬಿ, ಶೇಂಗಾ ಎರಡೇ. ಬೇರೆ ಎಣ್ಣೆ ಮುಟ್ಟಿದವನಲ್ಲ. ಮಿಲ್ಲಿನ ಮುಂದೆ ಬೋರ್ಡು ಬರೆಸಿದ್ದೆ: ‘ಇಲ್ಲಿಯ ಎಣ್ಣೆಯಲ್ಲಿ ಕಲಬೆರಕೆ ತೋರಿಸಿಕೊಟ್ಟವರಿಗೆ ಒಂದು ಡಬ್ಬಿ ಎಣ್ಣೆ ಬಹುಮಾನ.’ ಯಾರೂ ಗೆದ್ದಿರಲಿಲ್ಲ.

ಆ ಬೋರ್ಡಿನ ಕೆಳಗೇ ಅವರು ಮೊದಲ ಸಲ ಬಂದು ನಿಂತದ್ದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗಂಜಿ ಹಾಕಿದ ಹತ್ತಿ ಸೀರೆ, ದಪ್ಪ ಕನ್ನಡಕ, ವಯಸ್ಸು ನಲವತ್ತರ ಮೇಲೆ.

“ನಮಸ್ಕಾರ್ರಿ. ನಿಮ್ಮಲ್ಲಿ ಕೆಟ್ಟ ಎಣ್ಣಿ ಸಿಗತೈತೇನ್ರಿ?”

ನನಗೆ ಮೈ ಉರಿದು ಹೋಯಿತು. “ಮ್ಯಾಲ ಬೋರ್ಡ ಐತಲ್ರಿ, ಓದಾಕ ಬರತೈತಿಲ್ಲೋ? ಕೆಟ್ಟ ಎಣ್ಣಿ ಬೇಕಿದ್ರ ಮುಂದಿನ ಅಂಗಡಿಗೆ ಹೋಗ್ರಿ.”

“ಮುಂದಿನ ಅಂಗಡಿಗೆ ಹೋಗಿ ಬಂದೇನ್ರಿ. ಅವರು ಕೊಟ್ಟದ್ದು ಕೆಟ್ಟದ್ದೋ, ಹುಟ್ಟಾನ ಹಂಗ ಐತೋ ಗೊತ್ತಾಗವಲ್ದು. ನನಗ ಮೊದಲ ಛಲೋ ಇದ್ದು ಆಮ್ಯಾಲ ಕೆಟ್ಟದ್ದು ಬೇಕು.”

ನಗು ತಡೆಯಲಾಗಲಿಲ್ಲ. ಕೂಡಿಸಿ ಚಹಾ ತರಿಸಿದೆ. ಅವರು ಹೇಳಿದ್ದು ಇಷ್ಟು. ಸಕ್ಕರೆ ಬೇನೆ ಇದ್ದವರಲ್ಲಿ ಕೆಲವರಿಗೆ ಮಾತ್ರ ಮುಂದೆ ಮೂತ್ರಪಿಂಡ ಕೆಡುತ್ತದೆ. ಅದು ಕೆಡುವ ಮೊದಲೇ ರಕ್ತದಲ್ಲಿ ಏನಾದರೂ ಗುರುತು ಕಾಣುತ್ತದೋ ಎಂದು ಅವರು ಹುಡುಕುತ್ತಿದ್ದರು. ಎಣ್ಣೆ ಗಾಳಿಗೆ ಕಮಟಾದಂತೆ ಮೈಯೊಳಗಿನ ಜಿಡ್ಡೂ ಕಮಟಾಗುತ್ತದೆ. ಅದಕ್ಕೊಂದು ಔಷಧ ಹಾಕಿ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಕಮಟು ಹೆಚ್ಚಿದ್ದಷ್ಟು ಬಣ್ಣ ಗಟ್ಟಿ. ತಮ್ಮ ಕೈ ಪಳಗಬೇಕಾದರೆ ಮೊದಲು ಎಣ್ಣೆಯ ಮೇಲೆ ನೋಡಿಕೊಳ್ಳಬೇಕು.

“ಅದಕ್ಕ ಬಣ್ಣ ಯಾಕ ಬೇಕ್ರಿ?” ಎಂದೆ. “ನನ್ನ ಮೂಗ ಹೇಳತೈತಿ.”

ತಾಜಾ ಎಣ್ಣೆ ಒಂದು, ತಿಂಗಳ ಹಿಂದಿನದೊಂದು, ಮೂಲೆಯ ಪೀಪಾಯಿಯ ತಳದಲ್ಲಿ ವರ್ಷದಿಂದ ಉಳಿದದ್ದೊಂದು, ಮೂರನ್ನೂ ಮೂಸಿ ಸಾಲಾಗಿ ಇಟ್ಟುಕೊಟ್ಟೆ. ಮುಂದಿನ ಆದಿತ್ಯವಾರ ಮೂರು ಗಾಜಿನ ಕೊಳವೆ ಹಿಡಿದುಕೊಂಡೇ ಬಂದರು. ಒಂದು ನೀರಿನಂತೆ, ಒಂದು ಮಕ್ಕಳ ತುಟಿಯಂತೆ, ಒಂದು ದಾಸವಾಳದಂತೆ. ನಾನಿಟ್ಟ ಸಾಲೇ ಸಾಲು. “ಸಾವಕಾರ್ರ, ನಿಮ್ಮ ಮೂಗು ನನ್ನ ಬಣ್ಣ ಎರಡೂ ಒಂದ ಮಾತ ಹೇಳ್ತಾವ ನೋಡ್ರಿ” ಎಂದರು. ಅಷ್ಟು ಕಲಿತವರು ನನ್ನ ಮೂಗಿಗೆ ಕೊಟ್ಟ ಆ ಬೆಲೆಯನ್ನು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಎಣ್ಣೆ ಕೆಡದಂತೆ ಹೇಗಿಡುತ್ತೀರಿ ಎಂದು ಒಮ್ಮೆ ಕೇಳಿದರು. ಕಂಠಮಟ ತುಂಬಿ ಗಾಳಿ ಆಡದಂತೆ ಮುಚ್ಚಬೇಕು ಎಂದೆ. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. “ಮನಿಷಾನ ಹಂಗ ಮುಚ್ಚಿಡಾಕ ಬರಂಗಿಲ್ಲಲ್ರಿ. ಉಸುರ ಬೇಕು. ಅದಕ್ಕ ಒಳಗ ಕಾವಲು ಐತಿ. ಸಕ್ಕರಿ ಏರಿ ಏರಿ ಆ ಕಾವಲು ದಣೀತೈತಿ. ಎಷ್ಟ ದಣದೈತಿ ಅಂತ ನಾನು ನೋಡಾಕತ್ತೇನಿ, ಅಷ್ಟ.”

ಈ ಕೆಲಸವನ್ನು ಅವರು ಕಾಲೇಜಿನಲ್ಲೇ ಕುಳಿತು ಇಲಿಗಳ ಮೇಲೆ ಎರಡು ವರ್ಷದಲ್ಲಿ ಮುಗಿಸಬಹುದಿತ್ತಂತೆ. ಅವರ ಮೇಲಿನ ಪ್ರೊಫೆಸರು ಹಾಗೇ ಹೇಳಿದ್ದರು. ಇಲಿಗೆ ಸೂಜಿ ಚುಚ್ಚಿ ಸಕ್ಕರೆ ಬೇನೆ ಬರಿಸುವುದು, ಆಮೇಲೆ ಕೊಂದು ಮೂತ್ರಪಿಂಡ ತೆಗೆಯುವುದು. ಬಾಯಿಯವರು ಕೈಮುಗಿದು ಬಂದಿದ್ದರು. ಹೊತ್ತು ಮುಳುಗಿದ ಮೇಲೆ ಒಂದು ಹುಳ ಬಿದ್ದೀತೆಂದು ಊಟ ಮಾಡದ ಮನೆತನ ಅದು. “ಇಲಿ ನನಗೇನ ಅಂದೈತ್ರಿ?” ಎನ್ನುತ್ತಿದ್ದರು. ಹೀಗಾಗಿ ಇಲಿಗಳ ಜೀವ ಉಳಿಯಿತು, ಅವರ ಪಾಲಿಗೆ ಬಸ್ಸಿನ ಧೂಳು ಬಂತು: ತಿಂಗಳ ಮೊದಲ ಆದಿತ್ಯವಾರ ಹುಕ್ಕೇರಿ, ಎರಡನೆಯದು ಗೋಕಾಕ, ಮೂರನೆಯದು ನಮ್ಮ ಮೂಡಲಗಿ. ನಾಲ್ಕನೆಯದು ಕೇಳಿದರೆ, “ಸೀರಿ ಒಗ್ಯಾಕ ಒಂದ ಬೇಕಲ್ರಿ” ಎನ್ನುತ್ತಿದ್ದರು.

ಆದಿತ್ಯವಾರ ಮಿಲ್ಲು ಬಂದ್. ಮುಂದಿನ ಪಡಸಾಲೆ ಅವರಿಗೆ ಬಿಟ್ಟುಕೊಟ್ಟೆ. ಬೆಳಿಗ್ಗೆ ಸಕ್ಕರೆ ಬೇನೆಯ ಹತ್ತು ಹನ್ನೆರಡು ಮಂದಿ ಬರಿಹೊಟ್ಟೆಯಲ್ಲಿ ಬಂದು ಕೂಡುತ್ತಿದ್ದರು. ರಕ್ತ ಕೊಡಲು ಅಂಜಿದವನ ತೋಳು ಹಿಡಿದು, “ನರ ಎಲ್ಲಿ ಓಡಿ ಹೊಕ್ಕೈತ್ರಿ ಗೌಡ್ರ, ನಿಮ್ಹಂಗ ಅದೂ ಸಾಲಿ ತಪ್ಪಿಸಿದ್ದ ಕಾಣತೈತಿ” ಎನ್ನುತ್ತಿದ್ದರು. ಅವನು ನಗುವುದರೊಳಗೆ ಸೂಜಿ ಹೊರಗೆ ಬಂದು, ರಕ್ತದ ಕೊಳವೆ ಐಸ್ ಡಬ್ಬಿ ಸೇರಿರುತ್ತಿತ್ತು. ಚೀಟಿಯ ನಂಬರು ಓದುವ ಮೊದಲು ಪ್ರತಿ ಸಲವೂ ಸೆರಗಿನಿಂದ ಕನ್ನಡಕ ಒರೆಸಲೇಬೇಕು. ಒರೆಸಿ ಒರೆಸಿ ಗಾಜು ಇನ್ನಷ್ಟು ಮಸುಕಾಗಿತ್ತು.

ರಕ್ತಕ್ಕಿಂತ ಕಷ್ಟದ್ದು ಮೂತ್ರದ ಡಬ್ಬಿ. ಶನಿವಾರ ಬೆಳಗಿನಿಂದ ಆದಿತ್ಯವಾರ ಬೆಳಗಿನವರೆಗೆ, ಇಪ್ಪತ್ತನಾಲ್ಕು ತಾಸಿನದು, ಒಂದು ಹನಿ ಬಿಡದೆ ಡಬ್ಬಿಗೇ ಹಾಕಬೇಕು. ಡಬ್ಬಿ ಹಂಚುವ ಕೆಲಸ ನಾನೇ ವಹಿಸಿಕೊಂಡಿದ್ದೆ. ಗೋಕಾಕದ ಆದಿತ್ಯವಾರಕ್ಕೆ ಮೇಲವಂಕಿಯಿಂದ ಬರುತ್ತಿದ್ದ ಒಬ್ಬ ಮುದುಕಿ ಡಬ್ಬಿಯನ್ನು ತಿಕ್ಕಿ ತೊಳೆದು, ತುಂಬ ಶೇಂಗಾ ಹಾಕಿ ತಂದುಕೊಟ್ಟಿದ್ದಳಂತೆ. ಮಂದಿಯ ಡಬ್ಬಿ ಖಾಲಿ ತಿರುಗಿಸಬಾರದು ಎನ್ನುವುದು ನಮ್ಮ ಕಡೆಯ ನಡತೆ. “ಮತ್ತ ಅದು ಎಲ್ಲೈತಿ ಆಯಿ?” ಎಂದು ಬಾಯಿಯವರು ಕೇಳಿದರೆ, “ಅಂಥಾದ್ದನ್ನ ನಿನ್ನ ಡಬ್ಬ್ಯಾಗ ಹಾಕ್ಲೇನ ನನ್ನವ್ವಾ!” ಎಂದು ಆಕೆಯೇ ಬೈದಳಂತೆ. ಆ ಶೇಂಗಾ ತಿನ್ನುವ ಧೈರ್ಯ ಅವರಿಗಾಗಲಿಲ್ಲ, ಚೆಲ್ಲುವ ಮನಸ್ಸೂ ಬರಲಿಲ್ಲ. ನನಗೆ ತಂದುಕೊಟ್ಟು, “ಬಿತ್ತರಿ” ಎಂದರು. ಬಿತ್ತಿದೆವು. ಛಲೋ ಬಂತು.

ಮೇಲವಂಕಿಯ ಮುದುಕಿಯ ಕತೆಗೆ ಎಲ್ಲರಿಗಿಂತ ಹೆಚ್ಚು ನಕ್ಕವನು ನಾನು. ನಾನು ಮಾಡಿದ್ದನ್ನು ಈಗ ಹೇಳಬೇಕು.

ನಮ್ಮ ಅಕ್ಕನಿಗೆ ಎಂಟು ವರ್ಷದಿಂದ ಸಕ್ಕರೆ ಬೇನೆ ಇತ್ತು. ಬಾಯಿಯವರ ಪಟ್ಟಿಯಲ್ಲಿ ಅವಳೂ ಸೇರಿದಳು. ಆದರೆ ಬೆಳಗಾಗುವ ಮೊದಲೇ ಚರಿಗೆ ಹಿಡಿದು ಬಯಲಿಗೆ ಹೋಗುವುದು ಅವಳ ರೂಢಿ, ಹಗಲೆಲ್ಲ ಹೊಲದಲ್ಲಿ ಕೆಲಸ. ಮನೆಯಲ್ಲಿದ್ದಾಗಿನದಷ್ಟೇ ಡಬ್ಬಿಗೆ ಬಿತ್ತು. ಆದಿತ್ಯವಾರ ಬೆಳಿಗ್ಗೆ ನೋಡಿದರೆ ಅರ್ಧವೂ ಇಲ್ಲ. ಬಾಜೂ ಮನೆಯ ಮಾಸ್ತರರ ಡಬ್ಬಿ ಆಗಲೇ ಮಿಲ್ಲಿಗೆ ಬಂದಿತ್ತು, ಮುಚ್ಚಳದವರೆಗೆ. ಡಬ್ಬಿ ಹಂಚುವವನ ಮನೆಯದೇ ಅರ್ಧ ಬಂದರೆ ಮುಖ ಎಲ್ಲಿಡಲಿ? ಹಂಡೆಯಿಂದ ಒಂದು ತಂಬಿಗೆ ನೀರು ತೆಗೆದು ಸುರಿದೆ. ಕಡಿಮೆ ಅನಿಸಿ ಇನ್ನರ್ಧ ಸುರಿದೆ. ಒಯ್ದು ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟೆ.

ಮುಂದಿನ ತಿಂಗಳು ಬಾಯಿಯವರು ಎಲ್ಲರ ಕೆಲಸ ಮುಗಿಸಿ ಕಳಿಸಿದರು. ಕೊನೆಯವನು ಹೋಗುವವರೆಗೆ ಕಾದು, ಹಿಂಡಿಯ ಚೀಲದ ಮೇಲೆ ಕುಳಿತು ಕನ್ನಡಕ ಒರೆಸಿಕೊಂಡರು.

“ಸಾವಕಾರ್ರ, ನಿಮ್ಮ ಅಕ್ಕಾರ ಲೆಕ್ಕ ಕೂಡವಲ್ದು. ರಕ್ತ ಕುದಿಸಿದ್ರ ಗುಲಾಬಿ ಭಾಳ ಗಟ್ಟಿ ಬಂದೈತಿ. ಮೂತ್ರ ಮಾತ್ರ, ನಂದೇನೂ ತಪ್ಪಿಲ್ಲ ಅಂತೈತಿ. ಇಬ್ಬರಾಗ ಒಬ್ರು ಸುಳ್ಳ ಹೇಳಾಕತ್ತಾರ.”

“ಮಶೀನ ಕೆಟ್ಟಿರಬೇಕ್ರಿ.”

“ಇರಬಹುದು. ಇನ್ನೊಂದ ಕೇಳ್ರಿ. ನಮ್ಮ ಮಾಂಸಖಂಡ ದಿನಾ ಒಂದೀಟ ಸವೀತಾವ. ಆ ಸವದದ್ದು ಕ್ರಿಯಾಟಿನಿನ್ ಅಂತ ಆಗಿ ಮೂತ್ರದಾಗ ಹೊರಗ ಬೀಳತೈತಿ. ಇವತ್ತ ಎಷ್ಟೋ ನಾಳೆ ಹೆಚ್ಚೂಕಡಿಮಿ ಅಷ್ಟ. ಅಕ್ಕಾರಂಥಾ ಗಟ್ಟಿ ಹೆಣ್ಣಮಗಳಿಗೆ ಬರಬೇಕಾದ್ದರಾಗ ಅರ್ಧಾನೂ ಬಂದಿಲ್ಲ. ಅಂದ್ರ ಅಕ್ಕಾರ ಮೈಯಾಗ ಅರ್ಧಾ ಮಾಂಸ ಇಲ್ಲ, ಇಲ್ಲಾ ಅರ್ಧಾ ದಿನ ಡಬ್ಬಿಗೆ ಬಂದಿಲ್ಲ. ಡಬ್ಬಿ ನೋಡಿದ್ರ ತುಂಬೇತಿ. ತುಂಬಿದ್ದೇನು?”

“ನನಗೇನ ಗೊತ್ರಿ? ಹೆಂಗಸರ ವ್ಯವಹಾರ” ಎಂದೆ.

ಅವರು ದನಿ ಏರಿಸಲಿಲ್ಲ. “ಆತ್ರಿ. ನೀವು ಪೂರಾ ಐತಿ ಅಂದ್ರ ನಾನು ಪೂರಾ ಅಂತ ಬರೀತೇನಿ. ಅಕ್ಕಾರ ಕಿಡ್ನಿ ಛಲೋ ಐತಿ ಅಂತ ಚೀಟಿ ಹೋಗತೈತಿ. ಅದನ್ನ ಓದಿ ಡಾಕ್ಟರು ಗುಳಿಗಿ ಬದಲಿ ಮಾಡಂಗಿಲ್ಲ. ಎರಡ ವರ್ಷಾದ ಮ್ಯಾಲ ಕಾಲು ಬಾತಾಗ ಮತ್ತ ನೋಡೂಣು. ಆವಾಗ ನೋಡಾಕ ಭಾಳ ಏನೂ ಉಳದಿರಂಗಿಲ್ಲ.”

ಅಪ್ಪ ಸತ್ತ ವರ್ಷ ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಗಂಟಿಗೆ ಕಟ್ಟಿ ಗಾಣಕ್ಕೆ ಕಳಿಸಿದವಳು ಅಕ್ಕ. ಅವಳು ಕಾಲು ಬಾತು ಮಲಗಿದ್ದನ್ನು ಕಣ್ಣಮುಂದೆ ತಂದುಕೊಂಡೆ. ನನ್ನ ಮರ್ಯಾದೆ ಆ ಕಾಲಿನ ಮುಂದೆ ಎಷ್ಟರದು?

“ನೀರು” ಎಂದೆ. “ಒಂದೂವರಿ ತಂಬಿಗಿ. ನಾನ ಹಾಕಿದ್ದು.”

ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಬಾಯಿಯವರು ಎದ್ದು ಹೊರಗೆ ಹೋದರು, ತಲೆ ಎತ್ತಿ ಬೋರ್ಡನ್ನು ಅಕ್ಷರ ಅಕ್ಷರ ಓದಿದರು, ತಿರುಗಿ ಬಂದರು.

“ಬಹುಮಾನ ಯಾವಾಗ ಕೊಡ್ತೀರಿ?”

ಭೂಮಿ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಒಳಗೆ ಹೋಗಿ ನಿಜವಾಗಿಯೂ ಒಂದು ಡಬ್ಬಿ ಕುಸುಬಿ ಎಣ್ಣೆ ಎತ್ತಿಕೊಂಡು ಬಂದೆ. ಅವರು ಕೈ ಅಡ್ಡ ಹಿಡಿದರು. “ನೀರ ಹಾಕಿದ್ದಕ್ಕ ನನ್ನ ಲೆಕ್ಕ ಏನೂ ತಪ್ಪಂಗಿಲ್ರಿ, ನೀರು ಏನೂ ತರಂಗಿಲ್ಲ, ಏನೂ ಒಯ್ಯಂಗಿಲ್ಲ. ಬಯಲಿಗೆ ಹೋದದ್ದು ಹೋತಲ್ಲ, ಅದು ನನಗ ಬೇಕು. ಎಣ್ಣಿ ಬ್ಯಾಡ. ಅಕ್ಕಾರದು ಒಂದ ಪೂರಾ ದಿನ ಕೊಡ್ರಿ.”

ಮುಂದಿನ ಶನಿವಾರ ಸಂಜೆ ಅವರು ಕೈಚೀಲ ಹಿಡಿದು ನಮ್ಮ ಮನೆಗೇ ಬಂದರು. ಹೊತ್ತು ಮುಳುಗುವುದರೊಳಗೆ ಅವರಿಗೆ ಉಣ್ಣಲು ಹಾಕಬೇಕೆಂದು ಅಕ್ಕ ಒಲೆಯ ಮುಂದೆ ಪಟಪಟ ರೊಟ್ಟಿ ಬಡಿದದ್ದನ್ನು ನೋಡಬೇಕಿತ್ತು. ಊಟವಾದ ಮೇಲೆ ಚೀಲದಿಂದ ಡಬ್ಬಿ ತೆಗೆದರು. ಒಂದಲ್ಲ, ಎರಡು.

“ಇನ್ನೊಂದ್ಯಾರಿಗೆ ಬೇ?” ಎಂದಳು ಅಕ್ಕ. ಅವಳಿಗೆ ಅವರು ಬಾಯಿಯವರೂ ಅಲ್ಲ, ಏನೂ ಅಲ್ಲ. ರೊಟ್ಟಿ ಉಂಡ ಹೆಣ್ಣುಮಗಳು, ಸಲಿಗೆಯಿಂದ ‘ಬೇ’ ಅನ್ನಿಸಿಕೊಳ್ಳುವವಳು, ಅಷ್ಟೇ.

“ನಂದ್ರಿ. ನಿಮ್ಮದೊಂದ ಇಟ್ರ ಡಬ್ಬಿಗೆ ನಾಚಿಕಿ ಆಗತೈತಿ. ಜೋಡಿ ಇರಲಿ.”

ನಾನು ಎರಡು ದಿನ ಮಿಲ್ಲಿನಲ್ಲೇ ಇದ್ದೆ. ಗಂಡಸು ಓಡಾಡುವ ಮನೆಯಲ್ಲಿ ಆ ಡಬ್ಬಿಗಳು ತುಂಬುವುದಿಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ. ನಡೆದದ್ದನ್ನು ಅಕ್ಕ ಆಮೇಲೆ ಹೇಳಿದ್ದು. ಆದಿತ್ಯವಾರ ನಸುಕಿನಲ್ಲಿ ಅವಳು ಸದ್ದಿಲ್ಲದೆ ಚರಿಗೆ ಎತ್ತಿಕೊಂಡು ಹೊರಬಿದ್ದರೆ, ಬಾಯಿಯವರು ಹೊಸ್ತಿಲ ಮೇಲೆ ಚಾದರ ಹೊದ್ದು ಕುಳಿತಿದ್ದರಂತೆ.

“ಎಲ್ಲಿಗ್ರಿ ಅಕ್ಕಾರ ಸವಾರಿ?”

“ಯವ್ವಾ, ನೀ ಮಾಸ್ತರಿಕಿ ಬಿಟ್ಟ ಪೊಲೀಸ ಆಗಿದ್ರ ಛಲೋ ಇತ್ತ. ಈ ವಯಸ್ಸಿನ್ಯಾಗ ಉಚ್ಚಿ ಕಾಯೂ ಕೆಲಸ ಬಂತಲ್ಲ ಇಬ್ಬರಿಗೂ!”

ಹೊಲಕ್ಕೆ ಬಿಡಲಿಲ್ಲ. ಇಬ್ಬರೂ ಹಗಲೆಲ್ಲ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತರು. ಅಕ್ಕ ತನ್ನ ಗಂಡನ ಬಗ್ಗೆ ನನಗೆಂದೂ ಹೇಳದ ಮಾತುಗಳನ್ನು ಅವರಿಗೆ ಹೇಳಿದಳಂತೆ. ಅವರೇನು ಹೇಳಿದರೆಂದು ಕೇಳಿದರೆ, “ಹೆಣ್ಣಮಕ್ಕಳ ಮಾತು ನಿನಗ್ಯಾಕ?” ಎಂದು ಬಾಯಿ ಮುಚ್ಚಿಸಿದಳು. ಸೋಮವಾರ ಬೆಳಿಗ್ಗೆ ಬಾಯಿಯವರು ಕಾಲೇಜಿಗೆ ರಜೆ ಹಾಕಿ ಐಸ್ ಡಬ್ಬಿಯೊಂದಿಗೆ ಬಸ್ಸು ಹತ್ತಿದರು.

ಅದೇ ವಾರ, ಗುರುವಾರವೋ ಶುಕ್ರವಾರವೋ, ಬಾರದ ದಿನ ಬಂದರು. ನಿಂತೇ ಹೇಳಿದರು. “ಸೋರಾಕ ಹತ್ತೈತ್ರಿ. ಮೂತ್ರದಾಗ ಪ್ರೋಟೀನು ಬೀಳಾಕತ್ತೈತಿ. ಆದರ ಈಗ ಶುರು ಆಗೈತಿ. ರಕ್ತ ಖರೆ ಹೇಳಿತ್ತು.” ಗೋಕಾಕದ ಡಾಕ್ಟರಿಗೆ ಒಂದು ಪತ್ರ ಬರೆದು ತಂದಿದ್ದರು. ಅವತ್ತೇ ಅಕ್ಕನನ್ನು ಕರೆದುಕೊಂಡು ಹೋದೆ. ಗುಳಿಗೆ ಬದಲಾಯಿತು, ರಕ್ತದೊತ್ತಡಕ್ಕೂ ಒಂದು ಸೇರಿತು, ಉಪ್ಪಿನಕಾಯಿ ಹಪ್ಪಳ ಅಟ್ಟ ಏರಿದವು. ಮಾವಿನಕಾಯಿ ದಿನಗಳಲ್ಲಿ ಅಕ್ಕ ಎರಡು ತಿಂಗಳು ಬಾಯಿಯವರನ್ನು ಬೈದಳು. ಗುಳಿಗೆ ಮಾತ್ರ ಒಂದು ದಿನ ತಪ್ಪಿಸಲಿಲ್ಲ.

ಈ ಹುಡುಕಾಟದ ಮೇಲೆ ಡಾಕ್ಟರೇಟಿಗೆಂದು ಅವರು ಬರೆಯುತ್ತಿದ್ದ ಪುಸ್ತಕ ಮುಗಿಯಲು ಏಳು ವರ್ಷ ಹಿಡಿಯಿತು. ಯಾಕೆ ಇಷ್ಟು ತಡ ಎಂದು ಎಲ್ಲರಂತೆ ನಾನೂ ಚೇಷ್ಟೆ ಮಾಡುತ್ತಿದ್ದೆ. ಕೊನೆಗೊಂದು ದಿನ ದಪ್ಪ ರಟ್ಟು ಹಾಕಿದ ಅದನ್ನು ಎತ್ತಿಕೊಂಡು ಮನೆಗೆ ಬಂದರು. ಡಾಕ್ಟರೇಟು ಸಿಕ್ಕಿತ್ತು. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳಿಗೆ ಓದು ಬಾರದು. ಹಾಳೆ ತಿರುಗಿಸಿ, ಅಂಕಿಗಳ ಸಾಲು ಕಂಡಲ್ಲಿ ನಿಂತಳು.

“ಇದರಾಗ ನಾ ಎಲ್ಲದೇನಿ ಬೇ?”

ಬಾಯಿಯವರು ಕನ್ನಡಕ ತೆಗೆದರು. “ನೀವು ಇದರಾಗ ಇಲ್ರಿ, ಅಕ್ಕಾರ.”

“ಅಯ್ಯ! ಎರಡ ಸಲ ತುಂಬಿ ಕೊಟ್ಟೇನಿ. ಹೊಲಾ ಬಿಟ್ಟ ಕುಂತೇನಿ. ಒಂದ ಸಲನೂ ಬರೀಲಿಲ್ಲಾ?”

“ಬರೀಬೇಕಂದ್ರ ಆರ ತಿಂಗಳಾದ ಮ್ಯಾಲ ಮತ್ತೊಮ್ಮಿ ನಿಮ್ಮ ರಕ್ತಾ ಮೂತ್ರಾ ನೋಡಬೇಕಿತ್ರಿ. ಅಲ್ಲಿತನಕ ಔಷಧ ಬದಲಿ ಆಗಬಾರದು ಅನ್ನೂದು ಕಟ್ಟಳಿ. ನಿಮ್ಮದು ನಾ ಆ ವಾರಾನ ಬದಲಿ ಮಾಡಿಸಿದ್ನಿ. ಅದಕ್ಕ ಹೊಡದ ಹಾಕಿದ್ನಿ.”

ಆಗ ನನಗೆ ಏಳು ವರ್ಷದ ಲೆಕ್ಕ ತಿಳಿಯಿತು. ಸೋರುವುದು ಕಂಡ ಕೂಡಲೇ ಅವರು ಪತ್ರ ಬರೆದುಕೊಂಡು ಡಾಕ್ಟರ ಬಾಗಿಲಿಗೆ ಓಡಿದ್ದಾರೆ. ಓಡಿದ ಪ್ರತಿ ಸಲವೂ ಪಟ್ಟಿಯಲ್ಲಿ ಒಂದು ನಂಬರು ಅಳಿದಿದೆ. ಅಳಿದ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿಕೊಂಡು ಮತ್ತೆ ಬಸ್ಸು. ಎಷ್ಟು ಮಂದಿ ಹಾಗೆ ಹೊರಗುಳಿದರು ಎಂದು ಕೇಳಿದೆ. “ಅದನ್ನ ಎಣಿಸಿದ್ರ ಪುಸ್ತಕಾನ ಮುಗೀತಿರಲಿಲ್ಲ, ಸಾವಕಾರ್ರ” ಎಂದು ನಕ್ಕರು.

ಅಕ್ಕ ಪುಸ್ತಕ ಮುಚ್ಚಿದಳು. “ಹಂಗಿದ್ರ ಬ್ಯಾಡ ಬಿಡು. ಹೊತ್ತ ಮುಳಗಾಕ ಬಂತು, ಏಳು, ಉಣ್ಣು.”

ಪುಸ್ತಕ ಮುಗಿದ ಮೇಲೂ ವರ್ಷಕ್ಕೊಮ್ಮೆ, ಶೇಂಗಾ ಬಿಡಿಸುವ ಕೆಲಸ ಮುಗಿದ ಮೇಲೆ, ಬಾಯಿಯವರು ಬಂದು ಅಕ್ಕನ ಡಬ್ಬಿ ಒಯ್ಯುತ್ತಿದ್ದರು. ಕಾಲೇಜಿನಲ್ಲಿ ತಾವೇ ನೋಡಿ ಚೀಟಿ ಕಳಿಸುತ್ತಿದ್ದರು.

ಈ ವರ್ಷ ಅವರು ಇಲ್ಲ. ಕಂಡಕ್ಟರ್ ಹೇಳಿದ ಸುದ್ದಿಯನ್ನು ಅಕ್ಕನಿಗೆ ಹೇಳಿದಾಗ ಅವಳು ಅತ್ತಳು, ನಾವಿಬ್ಬರೂ ಹುಕ್ಕೇರಿಗೆ ಹೋಗಿ ಅವರ ತಮ್ಮನ ಮನೆಯಲ್ಲಿ ಕುಳಿತು ಬಂದೆವು. ಆಮೇಲೆ ಆ ಮಾತನ್ನು ಅವಳು ತೆಗೆಯಲಿಲ್ಲ. ಹೋದ ಸೋಮವಾರ ಬೆಳಿಗ್ಗೆ ಮಾತ್ರ, ನಾನು ಏಳುವುದರೊಳಗೆ, ಬಚ್ಚಲ ಕಟ್ಟೆಯ ಮೇಲೆ ಡಬ್ಬಿ ಮುಚ್ಚಳ ಬಿಗಿದು ಇಟ್ಟಿತ್ತು. ಯಾವಾಗ ಹಿಡಿದಳು, ಹೇಗೆ ಹಿಡಿದಳು, ನನಗೆ ಗೊತ್ತೇ ಆಗಿರಲಿಲ್ಲ.

ಗೋಕಾಕದ ಲ್ಯಾಬಿಗೆ ಒಯ್ದೆ. ಮೇಜಿನ ಹಿಂದಿನವನು ತಲೆ ಎತ್ತದೆ, “ಪೂರಾ ದಿನದ್ದ ಐತೇನ್ರಿ? ಮಂದಿ ಅರ್ಧಾ ತಂದು ಪೂರಾ ಅಂತಾರ” ಎಂದ.

“ಪೂರಾ ಐತಿ” ಎಂದೆ. “ಕ್ರಿಯಾಟಿನಿನ್ ನೋಡ್ರಿ, ತಿಳೀತೈತಿ.”

ಸಂಜೆ ಚೀಟಿ ತಂದು ಅಕ್ಕನ ಮುಂದೆ ಓದಿದೆ. ಸೋರುವುದು ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ, ಹೆಚ್ಚಾಗಿಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ. ಬಾಗಿಲಾಚೆ, ಹುಕ್ಕೇರಿ ಬಸ್ಸು ತಿರುಗುವ ಕಡೆ ಮುಖ ಮಾಡಿ ನಿಂತಿದ್ದಳು.

“ಅಷ್ಟ ಐತಂತ ಬೇ” ಎಂದಳು.